ತೋರುವ ಬೆರಳಿಗೇಕೆ ಬೈಗುಳ?

ಕಂಪ್ಯೂಟರ್ ಇರುವ ಸಣ್ಣ ಟೆಲಿಸ್ಕೋಪ್ ಒಂದನ್ನು ಕೊಳ್ಳಬೇಕೆಂದಿದ್ದೇನೆ ಎಂದು ಹವ್ಯಾಸಿ ಖಗೋಳವೀಕ್ಷಕರ ನಡುವೆ ಯಾರಾದರೂ ಬಾಯಿಬಿಟ್ಟರೆ ಸಾಕು, ಒಬ್ಬರಲ್ಲ ಒಬ್ಬರು ಮುಖ ಸಿಂಡರಿಸುತ್ತಾರೆ. “ಅದು ಕಳ್ಳದಾರಿ. ಮೊದಲು ಬರಿಗಣ್ಣಿನಲ್ಲಿ ಆಕಾಶ ಕಲಿಯಿರಿ. ವರ್ಷೊಪ್ಪತ್ತು ನಕ್ಷತ್ರಪಟ ಹಿಡಿದು ಕೂರಿ. ಆಮೇಲೆ ಬೈನಾಕ್ಯುಲರ್. ಅದಾದ ಮೇಲೆ ಕೈಯಿಂದ ತಿರುಗಿಸುವ ಟೆಲಿಸ್ಕೋಪ್. ಗುಂಡಿ ಒತ್ತಿದರೆ ತಾನೇ ತಿರುಗಿ ಶನಿಯನ್ನು ತೋರಿಸುವ ಯಂತ್ರ ಸೋಮಾರಿಗಳಿಗೆ” ಎನ್ನುತ್ತಾರೆ. ಹೇಳುವವರು ಕೆಟ್ಟವರಲ್ಲ. ಎಷ್ಟೋ ರಾತ್ರಿ ನಿದ್ದೆಗೆಟ್ಟು, ಇಬ್ಬನಿಯಲ್ಲಿ ನೆನೆದು ಕಲಿತವರು. ಆದರೆ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಯಂಥ ಊರುಗಳಲ್ಲಿ ಬದುಕುವವರಿಗೆ ಈ ಬುದ್ಧಿವಾದ ತಪ್ಪು. ಅದರಿಂದ ಹಾನಿಯೂ ಇದೆ. ಆಕಾಶ ನೋಡುವ ಆಸೆ ಹುಟ್ಟಿದವರನ್ನು ಅದು ಬಾಗಿಲಲ್ಲೇ ತಡೆದು ನಿಲ್ಲಿಸುತ್ತದೆ. ನಿಂತು ನಿಂತು ಸೋತವರು ಮನೆಗೆ ಹೋಗುತ್ತಾರೆ, ಮತ್ತೆ ಬರುವುದಿಲ್ಲ.

ಮೊದಲಿಗೆ ಈ ಯಂತ್ರ ಏನೆಂದು ನೋಡಬೇಕು. ಸೆಲೆಸ್ಟ್ರಾನ್ ಕಂಪನಿಯ ನೆಕ್ಸ್‌ಸ್ಟಾರ್ 4ಎಸ್‌ಇ ಈ ಜಾತಿಯ ಪರಿಚಿತ ಮಾದರಿ. ಅದರ ಬಾಯಿ 102 ಮಿಲಿಮೀಟರ್ ಅಗಲ, ಸಂಗಮದೂರ 1325 ಮಿಲಿಮೀಟರ್. ಒಳಗಿನ ಕನ್ನಡಿಗಳು ಬೆಳಕನ್ನು ಮಡಚುವುದರಿಂದ ಕೊಳವೆ ಒಂದು ಮೊಳಕ್ಕಿಂತ ಗಿಡ್ಡ. ಅದನ್ನು ಹಿಡಿದಿರುವ ಒಂದೇ ತೋಳಿನೊಳಗೆ ಮೋಟಾರುಗಳಿವೆ. ಒಂದು ಕೊಳವೆಯನ್ನು ಅಡ್ಡಡ್ಡ ತಿರುಗಿಸಿದರೆ ಇನ್ನೊಂದು ಮೇಲೆ ಕೆಳಗೆ ಎತ್ತಿ ಇಳಿಸುತ್ತದೆ. ಟ್ರೈಪಾಡ್ ಸೇರಿ ತೂಕ ಹತ್ತು ಕಿಲೋ ಒಳಗೆ. ಬೆಲೆ ಒಂದು ಒಳ್ಳೆಯ ಲ್ಯಾಪ್‌ಟಾಪಿನಷ್ಟು. ಇದು ಹೊಸ ವಿದ್ಯೆಯೂ ಅಲ್ಲ. ಮೀಡ್ ಕಂಪನಿಯ ಎಲ್‌ಎಕ್ಸ್200 ಎಂಬ ದೊಡ್ಡ ಕಂಪ್ಯೂಟರ್ ಟೆಲಿಸ್ಕೋಪ್ ಬಂದದ್ದು 1992ರಲ್ಲಿ. ಅದೇ ಕಂಪನಿಯ ಪುಟ್ಟ ಇಟಿಎಕ್ಸ್-90 ಬಂದದ್ದು 1996ರಲ್ಲಿ, ಅದಕ್ಕೆ ಕಂಪ್ಯೂಟರ್ ಜೋಡಿಸಿದ್ದು 1999ರಲ್ಲಿ. ಅಂದರೆ ಕಾಲು ಶತಮಾನದಿಂದ ಈ ಯಂತ್ರ ಇದೆ, ಕಾಲು ಶತಮಾನದಿಂದ ಬೈಗುಳವೂ ಇದೆ.

ಕೆಲಸ ಮಾಡುವ ಬಗೆ ಸರಳ. ದಿನಾಂಕ, ಗಂಟೆ, ಊರು ಯಾವುದೆಂದು ಹ್ಯಾಂಡ್‌ಸೆಟ್ಟಿಗೆ ಹೇಳಬೇಕು. ನಂತರ ಎರಡು ಬೆಳಗುವ ನಕ್ಷತ್ರಗಳನ್ನು ಒಂದಾದ ಮೇಲೊಂದು ಐಪೀಸಿನ ನಡುವೆ ತಂದು, ಇದು ಇಂಥದ್ದು, ಅದು ಅಂಥದ್ದು ಎಂದು ತಿಳಿಸಬೇಕು. ಅಲ್ಲಿಂದ ಮುಂದೆ ತ್ರಿಕೋನಮಿತಿಯ ಲೆಕ್ಕವೆಲ್ಲ ಯಂತ್ರದ್ದು. ಪಟ್ಟಿಯಲ್ಲಿರುವ ಸುಮಾರು 40,000 ಕಾಯಗಳಲ್ಲಿ ಯಾವುದನ್ನು ಕೇಳಿದರೂ ಗರಗರ ಸದ್ದು ಮಾಡುತ್ತಾ ಅತ್ತ ತಿರುಗುತ್ತದೆ. ತಿರುಗಿದ ಮೇಲೆ ಭೂಮಿಯ ಸುತ್ತಾಟಕ್ಕೆ ತಕ್ಕಂತೆ ಮೆಲ್ಲಗೆ ಹಿಂಬಾಲಿಸುತ್ತಲೇ ಇರುತ್ತದೆ. ಕಳ್ಳದಾರಿ ಎಂದು ಕರೆಸಿಕೊಳ್ಳುವುದು ಇಷ್ಟೇ: ಹುಡುಕುವುದು, ಹಿಂಬಾಲಿಸುವುದು.

ಹಾಗಾದರೆ ನೇರದಾರಿ ಯಾವುದು? ಬಲ್ಲವರು ಅದನ್ನು ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವುದು ಎನ್ನುತ್ತಾರೆ. ಉದಾಹರಣೆಗೆ ಆಂಡ್ರೊಮಿಡಾ ಗೆಲಾಕ್ಸಿ. ಕನ್ನಡದ ಖಗೋಳ ಪುಸ್ತಕಗಳಲ್ಲಿ ಆ ನಕ್ಷತ್ರಪುಂಜಕ್ಕೆ ದ್ರೌಪದಿ ಎಂಬ ಚೆಂದದ ಹೆಸರಿದೆ. ಮೀರಾಕ್ ಎಂಬ ಎರಡನೆಯ ಕಾಂತಿಮಾನದ ನಕ್ಷತ್ರದಿಂದ ಹೊರಟು, ಮೇಲಿನ ಮ್ಯೂ ಎಂಬ ಮಸುಕು ನಕ್ಷತ್ರಕ್ಕೆ ಹಾರಿ, ಅಲ್ಲಿಂದ ಇನ್ನೂ ಮಸುಕಾದ ನ್ಯೂ ಎಂಬುದಕ್ಕೆ ಹಾರಿದರೆ ಪಕ್ಕದಲ್ಲೇ ಗೆಲಾಕ್ಸಿ. ಅಪ್ಪಟ ವಿಧಾನ, ಸುಖದ ವಿಧಾನ. ಆದರೆ ಮ್ಯೂ ನಕ್ಷತ್ರದ ಕಾಂತಿಮಾನ ಹತ್ತಿರ ಹತ್ತಿರ 4, ನ್ಯೂ ನಕ್ಷತ್ರದ್ದು 4.5. ಅಂಧೇರಿಯ ಅಥವಾ ಸಿಕಂದರಾಬಾದಿನ ತಾರಸಿಯ ಮೇಲೆ ನಿಂತವನಿಗೆ ಮೀರಾಕ್ ಕಾಣುತ್ತದೆ. ಅದಾದ ಮೇಲೆ ಮೆಟ್ಟಿಲುಗಳೇ ಇಲ್ಲ. ಇಲ್ಲದ ಮೆಟ್ಟಿಲನ್ನು ಹತ್ತಿ ಬಾ ಎನ್ನುವುದು ಯಾವ ಬಗೆಯ ಪಾಠ?

ಕಾಂತಿಮಾನದ ಮಾತು ಬಂದದ್ದರಿಂದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು. ಸಂಖ್ಯೆ ಹೆಚ್ಚಿದಂತೆ ನಕ್ಷತ್ರ ಮಸುಕು. ಒಂದೊಂದು ಮೆಟ್ಟಿಲಿಗೂ ಬೆಳಕು ಸುಮಾರು ಎರಡೂವರೆ ಪಟ್ಟು ಕಡಿಮೆಯಾಗುತ್ತದೆ. ಈ ಅಳತೆಯನ್ನು 1856ರಲ್ಲಿ ಗಟ್ಟಿಗೊಳಿಸಿದ ನಾರ್ಮನ್ ಪಾಗ್ಸನ್ ಐದೇ ವರ್ಷದಲ್ಲಿ ಮದರಾಸು ವೀಕ್ಷಣಾಲಯಕ್ಕೆ ಬಂದ. 1861ರಲ್ಲಿ ಅಲ್ಲಿಂದಲೇ ಒಂದು ಕ್ಷುದ್ರಗ್ರಹವನ್ನು ಕಂಡುಹಿಡಿದು ಅದಕ್ಕೆ ಏಷ್ಯಾ ಎಂದು ಹೆಸರಿಟ್ಟ. ಆ ವೀಕ್ಷಣಾಲಯ ಇದ್ದದ್ದು ನುಂಗಂಬಾಕ್ಕಮ್ಮಿನಲ್ಲಿ. ಇಂದು ಅದೇ ನುಂಗಂಬಾಕ್ಕಮ್ಮಿನ ಬೀದಿಯಲ್ಲಿ ನಿಂತು ತಲೆಯೆತ್ತಿದರೆ ಅಂಗಡಿಗಳ ಬೋರ್ಡು ಕಾಣುತ್ತದೆ.

ಒಳ್ಳೆಯ ಕತ್ತಲಿರುವ ಹಳ್ಳಿಯಲ್ಲಿ ಆರನೆಯ ಕಾಂತಿಮಾನದವರೆಗೂ ಬರಿಗಣ್ಣಿಗೆ ಕಾಣುತ್ತದೆ. ಇಡೀ ಆಕಾಶಗೋಳದಲ್ಲಿ ಅಂಥವು ಐದು ಸಾವಿರದಷ್ಟಿವೆ. ನಾಲ್ಕನೆಯ ಕಾಂತಿಮಾನಕ್ಕೆ ನಿಂತರೆ ಐನೂರಕ್ಕೆ ಇಳಿಯುತ್ತದೆ. ಒಮ್ಮೆಗೆ ಕಾಣುವುದು ಅದರ ಅರ್ಧ. ದೊಡ್ಡ ನಗರದ ನಡುವೆ ನಾಲ್ಕು ಸಿಕ್ಕುವುದೂ ಅದೃಷ್ಟ. 2016ರಲ್ಲಿ ಪ್ರಕಟವಾದ ಜಗತ್ತಿನ ಬೆಳಕಿನ ಮಾಲಿನ್ಯದ ನಕಾಶೆಯ ಪ್ರಕಾರ ಮನುಕುಲದ ಮೂರನೇ ಒಂದಕ್ಕಿಂತ ಹೆಚ್ಚು ಜನರಿಗೆ ತಾವಿರುವಲ್ಲಿಂದ ಆಕಾಶಗಂಗೆ ಕಾಣುವುದಿಲ್ಲ. “ಮೊದಲು ಆಕಾಶ ಕಲಿ” ಎಂಬ ಉಪದೇಶ ಹುಟ್ಟಿದ್ದು ಐದು ಸಾವಿರ ನಕ್ಷತ್ರಗಳ ಕಾಲದಲ್ಲಿ. ಹತ್ತರಲ್ಲಿ ಒಂಬತ್ತು ಪುಟ ಹರಿದುಹೋದ ಪುಸ್ತಕವನ್ನು ಕೈಗಿಟ್ಟು, ಪೂರ್ತಿ ಓದಿದ ಮೇಲೆಯೇ ಮುಂದಿನ ತರಗತಿ ಎಂದರೆ ಮಗು ಏನು ಮಾಡಬೇಕು?

ಪುಟ ಹರಿದವರು ಯಾರು ಎಂಬುದನ್ನೂ ಕೇಳಬೇಕು. ಟೆಲಿಸ್ಕೋಪಿನ ಮೋಟಾರು ಒಂದು ನಕ್ಷತ್ರವನ್ನೂ ಆರಿಸಿಲ್ಲ. ಆರಿಸಿದ್ದು ಮೇಲ್ಮುಖವಾಗಿ ಉರಿಯುವ ದೀಪ, ರಾತ್ರಿಯಿಡೀ ಬೆಳಗುವ ಹೋರ್ಡಿಂಗು, ಖಾಲಿ ಪಾರ್ಕಿಂಗಿಗೆ ಸುರಿಯುವ ಬಿಳಿ ಎಲ್‌ಇಡಿ ಬೆಳಕು. ನೆಲಕ್ಕೆ ಬೇಕಾದ ಬೆಳಕು ಆಕಾಶಕ್ಕೆ ಹೋಗಿ ಧೂಳಿನಲ್ಲಿ ಚೆದುರಿ ಮತ್ತೆ ಕಣ್ಣಿಗೇ ಬೀಳುತ್ತದೆ. ಶುದ್ಧಿವಾದಿಗಳ ಸಿಟ್ಟು ಈ ದೀಪಗಳ ಕಡೆ ತಿರುಗಬೇಕಿತ್ತು. ಆದರೆ ದೀಪದ ವಿಷಯಕ್ಕೆ ಪಾಲಿಕೆಗೆ ಅರ್ಜಿ ಬರೆಯಬೇಕು, ಸೊಸೈಟಿಯ ಮೀಟಿಂಗಿನಲ್ಲಿ ಎದ್ದು ನಿಂತು ನಾಲ್ಕು ಜನರ ನಿಷ್ಠುರ ಕಟ್ಟಿಕೊಳ್ಳಬೇಕು. ಹೊಸದಾಗಿ ಬಂದವನ ಟೆಲಿಸ್ಕೋಪಿಗೆ ಬೈಯುವುದು ಅದಕ್ಕಿಂತ ಸುಲಭ.

ಕಂಪ್ಯೂಟರ್ ಮುಟ್ಟಿದರೆ ಖಗೋಳ ಮೈಲಿಗೆಯಾಗುತ್ತದೆ ಎನ್ನುವವರು ಬೆಂಗಳೂರಿನ ಹತ್ತಿರದ ಹೊಸಕೋಟೆಗೆ ಒಮ್ಮೆ ಹೋಗಿ ಬರಬೇಕು. ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ, ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ಟೆಲಿಸ್ಕೋಪ್ ಇದೆ. ಖಗೋಳವಿಜ್ಞಾನಿಗಳು ಅದನ್ನು ನಡೆಸುವುದು ಹೊಸಕೋಟೆಯ ಕೇಂದ್ರದಲ್ಲಿ ಪರದೆಯ ಮುಂದೆ ಕೂತು, ಉಪಗ್ರಹ ಸಂಪರ್ಕದ ಮೂಲಕ. ಅವರು ಕೊಳವೆಗೆ ಕಣ್ಣಿಟ್ಟು ನಕ್ಷತ್ರದಿಂದ ನಕ್ಷತ್ರಕ್ಕೆ ಹಾರುವುದಿಲ್ಲ. ಅಂಕಿ ಕೊಡುತ್ತಾರೆ, ಯಂತ್ರ ತಿರುಗುತ್ತದೆ. ಅವರನ್ನು ಸೋಮಾರಿಗಳೆಂದು ಯಾರೂ ಕರೆದದ್ದಿಲ್ಲ. ವಿಜ್ಞಾನಿಗೆ ಸಲ್ಲುವ ಸೌಕರ್ಯ ಘಾಟ್‌ಕೋಪರಿನ ಗುಮಾಸ್ತನಿಗೆ ಸಲ್ಲುವುದಿಲ್ಲ ಎಂದಾದರೆ, ಇಲ್ಲಿ ಕಾಯುತ್ತಿರುವುದು ವಿದ್ಯೆಯನ್ನಲ್ಲ, ಪಂಕ್ತಿಯನ್ನು.

ಇನ್ನೊಂದು ಮಾತು. ಹ್ಯಾಂಡ್‌ಸೆಟ್ಟಿನೊಳಗಿನ ಪಟ್ಟಿ ಆಕಾಶದಿಂದ ಉದುರಿದ್ದಲ್ಲ. ಅದರಲ್ಲಿ ಮೆಸಿಯೇ ಪಟ್ಟಿಯ 110 ಕಾಯಗಳಿವೆ. ಧೂಮಕೇತು ಹುಡುಕುತ್ತಿದ್ದ ಫ್ರೆಂಚ್ ವೀಕ್ಷಕನೊಬ್ಬ ತನಗೆ ಮೋಸ ಮಾಡುತ್ತಿದ್ದ ಮಸುಕು ಚುಕ್ಕೆಗಳನ್ನು ಹದಿನೆಂಟನೆಯ ಶತಮಾನದಲ್ಲಿ ಗುರುತು ಹಾಕಿಟ್ಟುಕೊಂಡದ್ದರಿಂದ ಹುಟ್ಟಿದ ಪಟ್ಟಿ ಅದು. ವಿಲಿಯಂ ಹರ್ಶೆಲ್, ಅವನ ತಂಗಿ ಕ್ಯಾರೊಲಿನ್, ಮಗ ಜಾನ್ ಕಂಡ ಕಾಯಗಳನ್ನೂ ಸೇರಿಸಿ ಡ್ರೇಯರ್ 1888ರಲ್ಲಿ ಪ್ರಕಟಿಸಿದ, 7,840 ಕಾಯಗಳ ಎನ್‌ಜಿಸಿ ಪಟ್ಟಿಯೂ ಅದರಲ್ಲಿದೆ. ನಕ್ಷತ್ರಗಳ ಸ್ಥಾನ ಅಳೆಯುವ ಇಂಥ ಕೆಲಸದಲ್ಲಿ ಭಾರತದ ಪಾಲೂ ಇದೆ. 1887ರಲ್ಲಿ ಪ್ಯಾರಿಸಿನಲ್ಲಿ ಶುರುವಾದ ಆಕಾಶನಕಾಶೆಯ ಅಂತರರಾಷ್ಟ್ರೀಯ ಯೋಜನೆಯಲ್ಲಿ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯ ತನ್ನ ಪಾಲಿನ ಪಟ್ಟಿಯ ಲಕ್ಷಗಟ್ಟಲೆ ನಕ್ಷತ್ರಗಳನ್ನು ಫೋಟೊ ತಟ್ಟೆಗಳ ಮೇಲೆ ಅಳೆದು ಕೊಟ್ಟಿತು. ಆ ಅಳತೆಗಳೆಲ್ಲ ಮುಂದಿನವರು ಬಳಸಲೆಂದೇ ಮಾಡಿದವು. ಬಳಸುವವನನ್ನು ಕಳ್ಳ ಎನ್ನುವುದು, ನಿಘಂಟು ತೆರೆದವನನ್ನು ಪದಗಳ್ಳ ಎಂದಂತೆ.

ಶುದ್ಧಿವಾದಿಗಳ ಬತ್ತಳಿಕೆಯಲ್ಲಿ ಇದಕ್ಕಿಂತ ಚೂಪಾದ ಬಾಣ ಒಂದಿದೆ. ಅದನ್ನು ಮರೆಮಾಚಬೇಕಾಗಿಲ್ಲ. “ಗುಂಡಿ ಒತ್ತಿ ನೋಡಿದವನು ಏನೂ ಕಲಿಯುವುದಿಲ್ಲ. ನೂರು ಕಾಯ ನೋಡಿರುತ್ತಾನೆ, ಒಂದೂ ಎಲ್ಲಿದೆ ಎಂದು ಹೇಳಲಾರ.” ಇದು ಕೆಲವರ ವಿಷಯದಲ್ಲಿ ನಿಜ. ದಾರಿ ತೋರುವ ಫೋನನ್ನು ನಂಬಿ ಹತ್ತು ವರ್ಷ ಅದೇ ಊರಲ್ಲಿ ಕಾರು ಓಡಿಸಿಯೂ ಗಲ್ಲಿ ಗೊತ್ತಿಲ್ಲದವರು ಇದ್ದಾರಲ್ಲ, ಹಾಗೆ. ಆದರೆ ಕಲಿಕೆ ಯಾವ ಕ್ರಮದಲ್ಲಿ ಆಗುತ್ತದೆ ಎಂಬುದರ ಬಗ್ಗೆ ಈ ವಾದಕ್ಕೆ ತಪ್ಪು ತಿಳಿವಳಿಕೆ ಇದೆ. ಭಾಷೆಯನ್ನೇ ನೋಡಿ. ಕೇಶಿರಾಜನ ಸೂತ್ರಗಳನ್ನು ಬಾಯಿಪಾಠ ಮಾಡಿ, ಆಮೇಲೆ “ಅಮ್ಮಾ, ಹಸಿವು” ಎಂದ ಮಗು ಎಲ್ಲೂ ಇಲ್ಲ. ಅಮ್ಮ ಕಿಟಕಿಯಾಚೆ ಬೆರಳು ತೋರಿಸಿ “ಅದು ಕಾಗೆ” ಎನ್ನುತ್ತಾಳೆ. ಮಗು ಬೆರಳ ತುದಿಯಿಂದ ಕಾಗೆಗೆ ಹೋಗುತ್ತದೆ, ಕಾಗೆಯಿಂದ ಹೆಸರಿಗೆ ಬರುತ್ತದೆ. ನೂರು ಸಲ ಹೀಗಾದ ಮೇಲೆ ವ್ಯಾಕರಣ ಒಳಗೊಳಗೇ ಕಟ್ಟಿಕೊಳ್ಳುತ್ತದೆ. ಹೆಸರು ಕಲಿಯಲು ಮೊದಲು ಬೇಕಾದದ್ದು ತೋರಿಸುವ ಬೆರಳು.

ಆಕಾಶಕ್ಕೂ ಒಂದು ಕಾಲದಲ್ಲಿ ಆ ಬೆರಳಿತ್ತು. ಬೇಸಿಗೆಯಲ್ಲಿ ಅಂಗಳದಲ್ಲೋ ಮಾಳಿಗೆಯ ಮೇಲೋ ಚಾಪೆ ಹಾಸಿ ಮಲಗಿದಾಗ ಅಜ್ಜನೋ ದೊಡ್ಡಪ್ಪನೋ ಸಪ್ತರ್ಷಿಗಳನ್ನು ತೋರಿಸುತ್ತಿದ್ದರು. ಈಗ ಅಂಗಳವಿಲ್ಲ, ಮಾಳಿಗೆಗೆ ಬೀಗವಿದೆ, ಅಜ್ಜ ಧಾರವಾಡದಲ್ಲಿದ್ದಾರೆ, ಮೊಮ್ಮಗಳು ಗುರುಗ್ರಾಮದ ಹದಿನಾಲ್ಕನೆಯ ಮಹಡಿಯಲ್ಲಿದ್ದಾಳೆ. ಉಳಿದಿರುವ ಒಂದೇ ಸಂದರ್ಭ ಮದುವೆಯ ಅರುಂಧತಿ ದರ್ಶನ. ಅದೂ ಹಗಲು ಹನ್ನೊಂದು ಗಂಟೆಗೆ ಛತ್ರದ ಫ್ಯಾನಿನ ಕಡೆಗೆ ಬೆರಳು ತೋರಿಸಿ ಮುಗಿಯುತ್ತದೆ. ರಾತ್ರಿಯೇ ತೋರಿಸಿದರೂ ನಗರದ ಬೆಳಕಿನಲ್ಲಿ ವಸಿಷ್ಠ ಕಂಡಾನು, ನಾಲ್ಕನೆಯ ಕಾಂತಿಮಾನದ ಅರುಂಧತಿ ಕಾಣುವುದು ಕಷ್ಟ. ಅದೇ ಸಣ್ಣ ಟೆಲಿಸ್ಕೋಪಿಗೆ ಮೈಜಾರ್ ಎಂದು ಹೇಳಿದರೆ ವಸಿಷ್ಠ, ಅರುಂಧತಿ ಇಬ್ಬರೂ ಒಂದೇ ನೋಟದಲ್ಲಿ ಕಾಣುತ್ತಾರೆ. ಅಷ್ಟೇ ಅಲ್ಲ, ವಸಿಷ್ಠನೇ ಎರಡು ನಕ್ಷತ್ರಗಳಾಗಿ ಒಡೆದು ನಿಲ್ಲುತ್ತಾನೆ. ಯಂತ್ರ ಮಾಡಿದ್ದು ಅಜ್ಜನ ಬೆರಳಿನ ಕೆಲಸ. ಅಜ್ಜ ಇರುವಲ್ಲಿ ಅದು ಬೇಡ. ಇಲ್ಲದಲ್ಲಿ ಬೇಕು.

ಇಲ್ಲಿ ಹೊರನಾಡ ಕನ್ನಡಿಗರಿಗೆ ಮಾತ್ರ ಸಂಬಂಧಿಸಿದ ಒಂದು ನಷ್ಟದ ಲೆಕ್ಕವಿದೆ. ಕನ್ನಡದಲ್ಲಿ ನಕ್ಷತ್ರಗಳ ಹೆಸರಿಗೆ ಬರವಿಲ್ಲ. ರೈತರ ಮಳೆಗಾಲ ಅಶ್ವಿನಿಯಿಂದ ಹೊರಟು ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರ ಎಂದು ಸಾಗುತ್ತದೆ. ಮುಂಬಯಿಯಲ್ಲಿ ಹುಟ್ಟಿ ಬೆಳೆದವರ ಬಾಯಲ್ಲೂ “ರೋಹಿಣಿ ಮಳೆ ಶುರುವಾಯಿತಂತೆ, ಊರಿಂದ ಫೋನ್ ಬಂದಿತ್ತು” ಎಂಬ ಮಾತು ಇನ್ನೂ ಇದೆ. ಆದರೆ ಆ ರೋಹಿಣಿ ಯಾವುದು? ರೋಹಿಣಿ ಮಳೆ ಎಂದರೆ ಸೂರ್ಯ ಆ ನಕ್ಷತ್ರದ ದಿಕ್ಕಿನಲ್ಲಿರುವ, ಮೇ ಕೊನೆಯಿಂದ ಜೂನ್ ಮೊದಲ ವಾರದವರೆಗಿನ ಎರಡು ವಾರ. ಹಾಗಾಗಿ ತನ್ನ ಮಳೆಯಲ್ಲಿ ರೋಹಿಣಿ ಯಾರಿಗೂ ಕಾಣುವುದಿಲ್ಲ. ಸೂರ್ಯನ ಜೊತೆಗೇ ಹುಟ್ಟಿ ಅವನ ಜೊತೆಗೇ ಮುಳುಗುತ್ತದೆ. ಅದನ್ನು ನೋಡಬೇಕಾದರೆ ಡಿಸೆಂಬರಿನ ಸಂಜೆ ಪೂರ್ವಕ್ಕೆ ತಿರುಗಬೇಕು. ಕೆಂಬಣ್ಣದ, ಸುಮಾರು 65 ಜ್ಯೋತಿರ್ವರ್ಷ ದೂರದ ಆ ನಕ್ಷತ್ರವನ್ನು ಹ್ಯಾಂಡ್‌ಸೆಟ್ ಆಲ್ಡೆಬರಾನ್ ಎನ್ನುತ್ತದೆ. ಅರಬ್ಬಿಯಲ್ಲಿ ಅದರ ಅರ್ಥ ಹಿಂಬಾಲಿಸುವವನು. ಕೃತ್ತಿಕೆಯ ಹಿಂದೆ ಹುಟ್ಟಿ ಬರುವುದರಿಂದ ಆ ಹೆಸರು.

ಯಂತ್ರ ಅರಬ್ಬಿ, ಗ್ರೀಕ್, ಲ್ಯಾಟಿನ್ ಹೆಸರುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ತೋರಿಸುತ್ತದೆ. ಅದು ಬೆಟಲ್‌ಗ್ಯೂಸ್ ಎಂದರೆ ಆರಿದ್ರ. ರೆಗ್ಯುಲಸ್ ಎಂದರೆ ಮಖೆ. ಸ್ಪೈಕಾ ಎಂದರೆ ಚಿತ್ತೆ. ಆರ್ಕ್‌ಟ್ಯೂರಸ್ ಎಂದರೆ ಸ್ವಾತಿ. ಆಂಟಾರಿಸ್ ಎಂದರೆ ಜ್ಯೇಷ್ಠೆ. ವೇಗಾ ಅಭಿಜಿತ್, ಆಲ್ಟೇರ್ ಶ್ರವಣ, ಸಿರಿಯಸ್ ಲುಬ್ಧಕ, ಕನೋಪಸ್ ಅಗಸ್ತ್ಯ. ಯಂತ್ರದ ಬಳಿ ನಕ್ಷತ್ರವಿದೆ, ಹೆಸರಿಲ್ಲ. ಮನೆಯವರ ಬಳಿ ಹೆಸರಿದೆ, ನಕ್ಷತ್ರವಿಲ್ಲ. ಎರಡನ್ನೂ ಸೇರಿಸುವುದಕ್ಕೆ ಖರ್ಚಾಗುವುದು ಒಂದು ಹಾಳೆ ಮತ್ತು ಅರ್ಧ ಗಂಟೆ. ಟೆಲಿಸ್ಕೋಪ್ ಇಟ್ಟುಕೊಂಡ ಕನ್ನಡದ ಮನೆ ಈ ಹತ್ತು ಹೆಸರುಗಳನ್ನು ಬರೆದು ಟ್ರೈಪಾಡಿನ ಕಾಲಿಗೆ ಅಂಟಿಸಿಕೊಳ್ಳದಿದ್ದರೆ, ಆ ತಪ್ಪು ಕಂಪ್ಯೂಟರಿನದಲ್ಲ. ಜಿ.ಟಿ. ನಾರಾಯಣ ರಾವ್ ಅವರಂಥವರು ಇಡೀ ಖಗೋಳವಿಜ್ಞಾನವನ್ನು ಕನ್ನಡದಲ್ಲಿ ಬರೆದಿಟ್ಟು ಹೋಗಿದ್ದಾರೆ. ಒರಾಯನ್ ಮಹಾವ್ಯಾಧ, ಕ್ಯಾಸಿಯೋಪಿಯಾ ಕುಂತಿ ಎಂದು ಕನ್ನಡದ ಪುಸ್ತಕಗಳು ಹೇಳುತ್ತಲೇ ಬಂದಿವೆ. ಬಾಯಲ್ಲಿ ಬಳಸದೆ ಪುಸ್ತಕದಲ್ಲೇ ಉಳಿದ ಹೆಸರು ಎಷ್ಟು ದಿನ ಬಾಳೀತು?

ಅಂದಹಾಗೆ, ಜೋಡಣೆಯ ಹೊತ್ತಿಗೆ ಎರಡು ನಕ್ಷತ್ರಗಳ ಗುರುತು ಹೇಳಬೇಕಾದ್ದು ಮನುಷ್ಯನೇ. ಯಾವುದೋ ಮೂರು ಬೆಳಗುವ ಚುಕ್ಕೆ ತೋರಿಸಿದರೆ ತಾನೇ ಊಹಿಸಿಕೊಳ್ಳುವ ವಿಧಾನವೂ ಇದೆ, ನಿಜ. ಆದರೂ ಪ್ರತಿ ಸಂಜೆ ಲುಬ್ಧಕ ಎಲ್ಲಿ, ಬ್ರಹ್ಮಹೃದಯ ಎಲ್ಲಿ ಎಂದು ಹುಡುಕಿಯೇ ಕೆಲಸ ಶುರುಮಾಡುವವನಿಗೆ ಒಂದು ವರ್ಷದಲ್ಲಿ ಹದಿನೈದು ನಕ್ಷತ್ರವಾದರೂ ಮುಖಪರಿಚಯ ಆಗಿರುತ್ತದೆ. ನಗರದಲ್ಲಿ ಕಾಣುವುದರಲ್ಲಿ ಮುಖ್ಯವಾದವು ಅವೇ.

ಮೂರನೆಯ ಆಕ್ಷೇಪ ಹಣದ್ದು. ಇದು ನ್ಯಾಯವಾದ ಆಕ್ಷೇಪ. ಮೋಟಾರಿಗೂ ಚಿಪ್ಪಿಗೂ ಕೊಡುವ ದುಡ್ಡನ್ನು ಕನ್ನಡಿಗೆ ಕೊಟ್ಟರೆ ಎಂಟಿಂಚಿನ ಡಾಬ್ಸೋನಿಯನ್ ಸಿಗುತ್ತದೆ. ನಾಲ್ಕಿಂಚಿನ ನಾಲ್ಕರಷ್ಟು ಬೆಳಕು ಹಿಡಿಯುವ ಯಂತ್ರ ಅದು. ಸ್ವಂತ ಅಂಗಳ, ಕಾರು, ಕತ್ತಲೆ ಮೂರೂ ಇರುವವರು ಅದನ್ನೇ ಕೊಳ್ಳಲಿ. ಆದರೆ ಅದರ ಕೊಳವೆಯೇ ನಾಲ್ಕಡಿ ಉದ್ದ, ಒಟ್ಟು ತೂಕ ಇಪ್ಪತ್ತು ಕಿಲೋ ಆಚೀಚೆ. ಒಂದು ಬೆಡ್‌ರೂಮಿನ ಮನೆಯಲ್ಲಿ ಅದಕ್ಕೆ ಜಾಗ ಮಾಡುವುದು, ಲಿಫ್ಟು ಕೆಟ್ಟ ದಿನ ತಾರಸಿಗೆ ಹೊರುವುದು, ಇವೆಲ್ಲ ಕ್ಯಾಟಲಾಗಿನಲ್ಲಿ ಬರೆದಿರುವುದಿಲ್ಲ. ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ನಾಲ್ಕಿಂಚು ವರ್ಷಕ್ಕೆ ನಲವತ್ತು ರಾತ್ರಿ ಹೊರಗೆ ಬರುತ್ತದೆ. ಇಪ್ಪತ್ತು ಕಿಲೋದ್ದು ನಾಲ್ಕು ರಾತ್ರಿ ಬಂದು, ಆಮೇಲೆ ಅದರ ಮೇಲೆ ಬಟ್ಟೆ ಒಣಗುತ್ತದೆ. ದಕ್ಷಿಣದವರಿಗೆ ಇನ್ನೊಂದು ಲೆಕ್ಕವೂ ಇದೆ. ಧ್ರುವನಕ್ಷತ್ರಕ್ಕೆ ಗುರಿಯಿಟ್ಟು ನಿಲ್ಲಿಸಬೇಕಾದ ಹಳೆಯ ಶೈಲಿಯ ಪೀಠಕ್ಕೆ ಧ್ರುವ ಕಾಣಲೇಬೇಕು. ಚೆನ್ನೈಯಲ್ಲಿ ಅದು ದಿಗಂತದಿಂದ 13 ಡಿಗ್ರಿ ಮೇಲೆ, ಅಂದರೆ ಸಾಮಾನ್ಯವಾಗಿ ಎದುರಿನ ಅಪಾರ್ಟ್‌ಮೆಂಟಿನ ಹಿಂದೆ. ಕಂಪ್ಯೂಟರ್ ಪೀಠಕ್ಕೆ ಧ್ರುವನ ಹಂಗಿಲ್ಲ.

ಡಾಬ್ಸೋನಿಯನ್ ಹೆಸರೆತ್ತಿದ ಮೇಲೆ ಜಾನ್ ಡಾಬ್ಸನ್ನನ ಕತೆಯನ್ನೂ ಹೇಳಬೇಕು, ಏಕೆಂದರೆ ಶುದ್ಧಿವಾದಿಗಳು ಅವನನ್ನು ತಮ್ಮ ಗುರುವೆಂದು ತಿಳಿದಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರಾಮಕೃಷ್ಣ ಪಂಥದ ವೇದಾಂತ ಸೊಸೈಟಿಯ ಮಠದಲ್ಲಿ ಸನ್ಯಾಸಿಯಾಗಿದ್ದವನು ಅವನು. ಹಡಗಿನ ಕಿಟಕಿಯ ಹಳೆಯ ಗಾಜನ್ನು ಉಜ್ಜಿ, ರಟ್ಟಿನ ಕೊಳವೆ, ಪ್ಲೈವುಡ್ ಜೋಡಿಸಿ ಅಗ್ಗದ ದೊಡ್ಡ ಟೆಲಿಸ್ಕೋಪುಗಳನ್ನು ಮಾಡುತ್ತಿದ್ದ. ಅದರ ಹುಚ್ಚಿನಿಂದಲೇ 1967ರಲ್ಲಿ ಮಠ ಬಿಡಬೇಕಾಯಿತು. ಮರುವರ್ಷ ಗೆಳೆಯರ ಜೊತೆ ಸೇರಿ, ರಸ್ತೆಬದಿಯಲ್ಲಿ ಟೆಲಿಸ್ಕೋಪ್ ನಿಲ್ಲಿಸಿ ಹೋಗಿಬರುವವರನ್ನು ಕರೆದು ಆಕಾಶ ತೋರಿಸುವ ಸಂಘ ಕಟ್ಟಿದ. ಅವನು ಯಾರಿಗೂ “ಮೊದಲು ಒಂದು ವರ್ಷ ನಕ್ಷತ್ರಪಟ ಓದಿ ಬಾ” ಎಂದು ಷರತ್ತು ಹಾಕಲಿಲ್ಲ. ದಾರಿಹೋಕರಿಗೆ ಬೆರಳಾಗಿ ನಿಂತ. ಅವನ ಪ್ಲೈವುಡ್ಡನ್ನು ಪೂಜಿಸಿ, ಅವನ ಔದಾರ್ಯವನ್ನು ಮರೆತವರು ಅವನ ಶಿಷ್ಯರಾಗುವುದು ಹೇಗೆ?

ರಸ್ತೆಬದಿಯ ಈ ಕೆಲಸಕ್ಕೆ ಹಿಂಬಾಲಿಸುವ ಮೋಟಾರಿನಷ್ಟು ಒಳ್ಳೆಯ ಸಹಾಯ ಇನ್ನೊಂದಿಲ್ಲ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ನೂರು ಪಟ್ಟು ಹಿಗ್ಗಿಸಿ ನೋಡುವಾಗ ಸಾಧಾರಣ ಐಪೀಸಿನಲ್ಲಿ ಕಾಣುವ ಆಕಾಶದ ಅಗಲ ಅರ್ಧ ಡಿಗ್ರಿ. ಅಂದರೆ ಒಂದು ಅಂಚಿನಲ್ಲಿ ಒಳಗೆ ಬಂದ ಶನಿ ಎರಡು ನಿಮಿಷದಲ್ಲಿ ಇನ್ನೊಂದು ಅಂಚಿನಿಂದ ಹೊರಗೆ. ಗಣೇಶೋತ್ಸವದ ಸಂಜೆ ಸೊಸೈಟಿಯ ಅಂಗಳದಲ್ಲಿ ಮೂವತ್ತು ಮಕ್ಕಳು ಸಾಲಾಗಿ ನಿಂತಿದ್ದಾರೆ ಎಂದುಕೊಳ್ಳಿ. ಪ್ರತಿ ಮಗುವಿಗೂ ಐಪೀಸಿಗೆ ಕಣ್ಣು ಹೊಂದಿಸಲು ಅರ್ಧ ನಿಮಿಷ ಬೇಕು. ಕೈಯಿಂದ ತಿರುಗಿಸುವ ಟೆಲಿಸ್ಕೋಪಿನವರು ಮೂರು ನಾಲ್ಕು ಮಕ್ಕಳಿಗೊಮ್ಮೆ ಎಲ್ಲರನ್ನೂ ಸರಿಸಿ ಮತ್ತೆ ಗುರಿ ಹಿಡಿಯಬೇಕು. ಮೋಟಾರು ಇದ್ದರೆ ಶನಿ ನಿಂತಲ್ಲೇ ನಿಂತಿರುತ್ತದೆ, ತೋರಿಸುವವರ ಬಾಯಿ ಮಾತಾಡಲು ಬಿಡುವಾಗುತ್ತದೆ. “ಅಂಕಲ್, ಇದು ಸ್ಟಿಕ್ಕರ್ ಅಂಟಿಸಿದ್ದಲ್ಲ ತಾನೇ?” ಎಂದು ಕೇಳುವ ಮಗುವಿಗೆ ಉತ್ತರ ಕೊಡಲು ಸಮಯ ಸಿಗುತ್ತದೆ.

ಕೊಂಡವರ ತಪ್ಪುಗಳನ್ನೂ ಹೇಳದೆ ಬಿಟ್ಟರೆ ವಾದ ಏಕಪಕ್ಷೀಯವಾದೀತು. ಪೆಟ್ಟಿಗೆಯ ಮೇಲಿನ ಬಣ್ಣಬಣ್ಣದ ನೀಹಾರಿಕೆಯನ್ನು ನಂಬಿ ಕೊಂಡವರು ಮೊದಲ ರಾತ್ರಿಯೇ ಮುನಿಯುತ್ತಾರೆ. ಕಣ್ಣಿಗೆ ಗೆಲಾಕ್ಸಿ ಎಂದರೆ ಬೂದು ಮಸುಕು, ಅದೂ ನಗರದಾಚೆ ಹೋದರೆ. ನಗರದೊಳಗೆ ಈ ಯಂತ್ರದ ಪಾಲಿಗೆ ಇರುವುದು ಬೇರೆ ಆಸ್ತಿ. ಚಂದ್ರನ ಕುಳಿಗಳು, ಶನಿಯ ಬಳೆ, ಗುರುವಿನ ಪಟ್ಟೆ, ಗುರುವಿನ ನಾಲ್ಕು ಚಂದ್ರರು, ಜೋಡಿ ನಕ್ಷತ್ರಗಳು, ಮಹಾವ್ಯಾಧನ ಕತ್ತಿಯ ನೀಹಾರಿಕೆ. ಇವಕ್ಕೆ ಬೀದಿದೀಪ ಪೂರ್ತಿ ಅಡ್ಡಬರಲಾರದು. 1610ರ ಜನವರಿಯಲ್ಲಿ ಗೆಲಿಲಿಯೊ ಆ ನಾಲ್ಕು ಚಂದ್ರರನ್ನು ಕಂಡದ್ದು ಇದಕ್ಕಿಂತ ಎಷ್ಟೋ ಸಣ್ಣ ಗಾಜಿನಲ್ಲಿ. ಇನ್ನು ಎಂಟು ಪೆನ್ಸಿಲ್ ಸೆಲ್ ಹಾಕಿ ರಾತ್ರಿಯಿಡೀ ನಡೆಯುತ್ತದೆಂದು ನಂಬುವವರು, ಅಮೆರಿಕದ ಪದ್ಧತಿಯಲ್ಲಿ ಮೊದಲು ತಿಂಗಳು, ಆಮೇಲೆ ದಿನ ಕೇಳುವ ಹ್ಯಾಂಡ್‌ಸೆಟ್ಟಿಗೆ ತಪ್ಪು ದಿನಾಂಕ ಕೊಟ್ಟು ಅದು ನೆಲ ನೋಡಿದಾಗ ಬೈಯುವವರು, ಮುಂಬಯಿಯ ಮಳೆಗಾಲದಲ್ಲಿ ಒದ್ದೆ ಗಾಜನ್ನು ಹಾಗೇ ಮುಚ್ಚಿಟ್ಟು ಬೂಷ್ಟು ಬೆಳೆಸುವವರು ಎಲ್ಲ ಕಡೆ ಇದ್ದಾರೆ. ಇವು ಕೊಂಡವರು ತಿದ್ದಿಕೊಳ್ಳಬೇಕಾದ ತಪ್ಪುಗಳು. ಸೂರ್ಯನ ವಿಷಯದಲ್ಲಿ ಮಾತ್ರ ತಿದ್ದಿಕೊಳ್ಳಲು ಎರಡನೆಯ ಅವಕಾಶ ಇಲ್ಲ. ಕೊಳವೆಯ ಬಾಯಿಗೆ ಕೂರುವ ಸರಿಯಾದ ಸೌರಸೋಸು ಇಲ್ಲದೆ ಅತ್ತ ತಿರುಗಿಸಿ ಕಣ್ಣಿಟ್ಟರೆ ಕಣ್ಣು ಹೋಗುತ್ತದೆ.

ಈಗ ಐಪೀಸೇ ಇಲ್ಲದ, ಚಿತ್ರವನ್ನು ನೇರ ಫೋನಿಗೆ ಕಳಿಸುವ ಟೆಲಿಸ್ಕೋಪುಗಳು ಬಂದಿವೆ. ಹತ್ತಾರು ನಿಮಿಷದ ಬೆಳಕನ್ನು ಕೂಡಿಸಿ ನಗರದ ನಡುವೆಯೇ ಗೆಲಾಕ್ಸಿಯ ಸುರುಳಿ ತೋರಿಸುತ್ತವೆ. ಸೊಂಟ ಬಾಗದ ಅಜ್ಜಿಗೆ, ಗಾಲಿಕುರ್ಚಿಯಲ್ಲಿರುವವರಿಗೆ ಅವು ವರ. ಅವನ್ನೂ ಬೈಯುವ ಅಗತ್ಯವಿಲ್ಲ. ಆದರೆ ಶನಿಯಿಂದ ಹೊರಟ ಬೆಳಕು ಒಂದು ಗಂಟೆಗೂ ಹೆಚ್ಚು ಹೊತ್ತು ಪಯಣಿಸಿ ನೇರ ಕಣ್ಣಿಗೇ ಬಿದ್ದಾಗ ಬಾಯಿಂದ ತಾನಾಗಿ ಹೊರಡುವ “ಅಯ್ಯೋ!” ಎಂಬ ಉದ್ಗಾರ ಪರದೆಯ ಮುಂದೆ ಅಷ್ಟು ಸುಲಭಕ್ಕೆ ಬರುವುದಿಲ್ಲ. ಮೊದಲ ಟೆಲಿಸ್ಕೋಪಿಗೆ ಐಪೀಸು ಇರಲಿ ಎನ್ನುವುದಕ್ಕೆ ಅಷ್ಟು ಕಾರಣ ಸಾಕು.

ಹಾಗಾದರೆ ಜಗಳ ಯಾರ ಮೇಲೆ, ಯಾವುದಕ್ಕಾಗಿ? ಮೊದಲನೆಯದು ತಾರಸಿಯ ಬೀಗದ ಕೈ. ಹೆಚ್ಚಿನ ಸೊಸೈಟಿಗಳಲ್ಲಿ ಅದು ಸೆಕ್ರೆಟರಿಯ ಬಳಿ ಇರುತ್ತದೆ, ನೀರಿನ ಟ್ಯಾಂಕು ತೊಳೆಯುವವರಿಗೆ ಮಾತ್ರ ಸಿಗುತ್ತದೆ. ತಿಂಗಳಿಗೆ ಎರಡು ರಾತ್ರಿ ಅದನ್ನು ಕೇಳುವುದು ನಿವಾಸಿಗಳ ಹಕ್ಕು. ಎರಡನೆಯದು ದೀಪದ ಟೋಪಿ. ಬೆಳಕು ನೆಲಕ್ಕಷ್ಟೇ ಬೀಳುವಂತೆ ಮುಚ್ಚಿಗೆ ಹಾಕಿಸುವುದು, ಹನ್ನೊಂದರ ಮೇಲೆ ಪಾರ್ಕಿಂಗಿನ ಅರ್ಧ ದೀಪ ಆರಿಸುವುದು. ಇದರಿಂದ ಕರೆಂಟು ಬಿಲ್ಲೂ ಇಳಿಯುತ್ತದೆ, ಆದ್ದರಿಂದ ಆಕಾಶದ ಗೊಡವೆ ಇಲ್ಲದವರನ್ನೂ ಒಪ್ಪಿಸಬಹುದು. ಹಾನ್ಲೆಯ ಸುತ್ತಲ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ರಕ್ಷಿತ ವಲಯವಾಗಿ ಘೋಷಿಸಿದ ದೇಶ ಇದು. ವಿಜ್ಞಾನಿಗಳಿಗೆ ಕತ್ತಲೆ ಬೇಕೆಂದು ಸರ್ಕಾರ ಒಪ್ಪಿದೆ. ಮಕ್ಕಳಿಗೂ ಸ್ವಲ್ಪ ಬೇಕೆಂದು ವಾರ್ಡ್ ಕಚೇರಿಯಲ್ಲಿ ಹೇಳುವವರು ಬೇಕಾಗಿದ್ದಾರೆ.

ಈ ಜಗಳಕ್ಕೆ ಶುದ್ಧಿವಾದಿಗಳಷ್ಟು ಯೋಗ್ಯರು ಬೇರೆ ಇಲ್ಲ. ಪುಣೆಯ ಜ್ಯೋತಿರ್ವಿದ್ಯಾ ಪರಿಸಂಸ್ಥೆ 1944ರಿಂದ ಇದೆ. ಮುಂಬಯಿಯಲ್ಲಿ ಖಗೋಳ ಮಂಡಳ ಇದೆ. ಪ್ರತಿ ನಗರದಲ್ಲೂ ಆಕಾಶವನ್ನು ಅಂಗೈಯಂತೆ ಬಲ್ಲ ಹತ್ತಾರು ಹಿರಿಯರಿದ್ದಾರೆ. ಹೊಸಬನ ಯಂತ್ರ ಶನಿಯನ್ನು ಹುಡುಕಿ ಕೊಡಲಿ. ಆ ಹೊತ್ತಿಗೆ ಪಕ್ಕದಲ್ಲಿ ನಿಂತು, ಕಣ್ಣು ಐಪೀಸಿನಿಂದ ಎತ್ತಿದ ಕೂಡಲೇ “ಈಗ ಬರಿಗಣ್ಣಿನಲ್ಲಿ ನೋಡಪ್ಪಾ, ಅದೇ ಅಲ್ಲಿದೆ ಶನಿ. ಅದರ ಎಡಕ್ಕೆ ಕಾಣುವುದು ಯಾವುದು ಹೇಳು?” ಎಂದು ಕೇಳುವ ಕೆಲಸ ಅವರದು. ಯಂತ್ರಕ್ಕೆ ಬಾರದ ಆ ಪ್ರಶ್ನೆಯನ್ನು ಅವರು ಕೇಳಬಲ್ಲರು. ಡಿಸೆಂಬರ್ ಬರುತ್ತದೆ, ಗಾಳಿ ತಣ್ಣಗಾಗುತ್ತದೆ, ರೋಹಿಣಿ ಸಂಜೆಗೇ ಮೇಲೆ ಬಂದಿರುತ್ತದೆ. ನಕ್ಷತ್ರಪಟವನ್ನೂ ತರಲಿ, ಬೇಡವೆಂದವರಿಲ್ಲ.